ಆಮೆಗೆ ನಾಲ್ಕು ಸೆಂಟಿಮೀಟರ್

ಜನವರಿ 7

ಮಹಾಘನತೆವೆತ್ತ, ಮೂವತ್ತೊಂದು ವರ್ಷ ಒಂದಿಡೀ ನದಿಯ ಹಾಜರಿ ಹಾಕಿದ, ನನ್ನ ಏಕೈಕ ಸೋದರತ್ತೆಯವರ ಸನ್ನಿಧಾನಕ್ಕೆ,

ಕೆಳಗೆ ಸಹಿ ಮಾಡಿರುವ ತರಲೆಯು ಮಾಡಿಕೊಳ್ಳುವ ಸವಿನಯ ಅರಿಕೆ ಏನೆಂದರೆ, ತಾವು ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತರಾಗುತ್ತೀರೆಂಬ ಸುದ್ದಿ ತಲುಪಿದಂದಿನಿಂದ ಈ ಮನೆಯಲ್ಲಿ ಶಾಂತಿ ಇಲ್ಲ. ಅಪ್ಪ ಊಟದ ಮಧ್ಯೆ ಎದ್ದುಹೋಗಿ ಆಮೆಯ ಹೊಟ್ಟೆಯ ಕೆಳಗೆ ಮಲಗುತ್ತಾರೆ. ಅಮ್ಮ ಅಲ್ಲಿಗೇ ತಟ್ಟೆ ತಳ್ಳುತ್ತಾಳೆ.

ಆಮೆ ಎಂದರೆ ನಮ್ಮ ಮೋಟರ್‌ಹೋಮ್ ಎಂಬುದು ತಮಗೆ ಮರೆತಿರಲಿಕ್ಕಿಲ್ಲ. ಮರೆಯುವುದು ಹೇಗೆ? ಹನ್ನೊಂದು ವರ್ಷದ ಹಿಂದೆ ಅದೇ ಗಾಡಿ ನಮ್ಮ ಮೂವರನ್ನೂ ಹೊತ್ತು ತಮ್ಮ ಮನೆಗೆ ಹೊರಟು, ತಮ್ಮ ಮಣ್ಣುದಾರಿಯ ದಿಬ್ಬದ ಮೇಲೆ ಹೊಟ್ಟೆ ಉಜ್ಜಿ, ಕೊಳಚೆ ನೀರಿನ ಪೈಪು ಕಿತ್ತುಕೊಂಡು, ಗಬ್ಬು ನಾರುತ್ತ ಹಿಂದಕ್ಕೆ ಬಂದಿತ್ತು. ತಾವು ಅಡುಗೆ ಮಾಡಿ ಕಾದು ಕೂತಿದ್ದಿರಿ. ನನಗಾಗ ಒಂಬತ್ತು ವರ್ಷ. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದ ಮನುಷ್ಯನಿಗೆ ಆ ಪೈಪು ಮೂಗು ಕೊಯ್ದಂತಾಗಿ, ಅಂದಿನಿಂದ ಅವರು ತಮ್ಮ ಕಡೆ ತಲೆ ಹಾಕಿಲ್ಲ.

'ಮೂವತ್ತೊಂದು ವರ್ಷ ನೀರು ಎಷ್ಟು ಹೋಯಿತು ಅಂತ ಬರೆದೆ, ಎಲ್ಲಿಗೆ ಹೋಯಿತು ಅಂತ ನೋಡಲಿಲ್ಲ' ಎಂದು ಕಳೆದ ಪತ್ರದಲ್ಲಿ ತಾವು ಬರೆದಿದ್ದಿರಲ್ಲ? ಅಪ್ಪ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ, "ಅಕ್ಕನ್ನ ನದೀ ಕೊನೆ ತನಕ ಕರ್ಕೊಂಡು ಹೋಗ್ತೀನಿ. ಸಮುದ್ರ ಸೇರೋ ಜಾಗದಲ್ಲಿ ಗಾಡಿ ನಿಲ್ಲಿಸ್ತೀನಿ. ಬರೀ," ಅಂದರು. ಬರೆದಿದ್ದೇನೆ.

ಆದಕಾರಣ ತಾವು ಕೃಪೆಮಾಡಿ ಆ ಪಾಪಿ ದಿಬ್ಬದ ಎತ್ತರವನ್ನು ತಿಳಿಸತಕ್ಕದ್ದು. ಆಮೆಯ ಪೈಪು ನೆಲದಿಂದ ಹತ್ತೊಂಬತ್ತು ಸೆಂಟಿಮೀಟರ್ ಮೇಲಿದೆ.

ಇಂತಿ ವಿಧೇಯಳು,
ತರಲೆ


ಜನವರಿ 15

ತರಲೆ,

ಮೊದಲ ನಾಲ್ಕು ಸಾಲು ಬಿಟ್ಟು ಉಳಿದದ್ದು ಓದಿದೆ.

ಹಾಲಿನ ಟ್ರ್ಯಾಕ್ಟರಿನವನ ಕೈಯಲ್ಲಿ ಅಳತೆಗೋಲು ಕೊಟ್ಟು ದಿಬ್ಬ ಅಳೆಸಿದೆ. ಎರಡು ಗಾಲಿ ಜಾಡುಗಳ ನಡುವೆ ಇಪ್ಪತ್ತೆರಡು ಸೆಂ.ಮೀ. ಅವನು ಇಪ್ಪತ್ತು ಅಂದ. ನಂಬದೆ ಇನ್ನೊಂದು ಸಲ ಕಳಿಸಿದೆ.

ನಿಮ್ಮಪ್ಪನಿಗೆ ದಾರಿ ಹೇಳು. ಸೇತುವೆ ದಾಟಿದ ಮೇಲೆ ಸರಿಯಾಗಿ ಹದಿನಾಲ್ಕು ಕಿಲೋಮೀಟರಿಗೆ ಎಡಕ್ಕೆ ತಿರುಗಬೇಕು. ಅವತ್ತು ಗುರುತಿಗಿದ್ದ ಮರ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಬೋರ್ಡೂ ಇಲ್ಲ. ಗಾಡಿಯ ಮೀಟರು ನೋಡಿಕೊಂಡೇ ಬರಲಿ.

ನಾನು ಬರುತ್ತೇನೆ. ನೂರು ಸಲ ಕೇಳಿಸಿಕೊಂಡು ಹೂಂ ಅನ್ನುವ ಅಭ್ಯಾಸ ನನಗಿಲ್ಲ.

ಒಂದು ವಿಷಯ. ಗಾಡಿ ಬಾಗಿಲಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಇದೆ? ಸುಮ್ಮನೆ ಕೇಳಿದೆ.

ನಿನ್ನ ಅತ್ತೆ


ಜನವರಿ 23

ಜಲಮಾಪನ ಚಕ್ರವರ್ತಿನಿಯವರಿಗೆ,

ಮೆಟ್ಟಿಲು ಮೂವತ್ತನಾಲ್ಕು ಸೆಂಟಿಮೀಟರ್. ಸುಮ್ಮನೆ ಕೇಳಿದಿರಿ, ಸುಮ್ಮನೆ ಹೇಳಿದ್ದೇನೆ.

ದೊಡ್ಡ ಸಮಾಚಾರವೆಂದರೆ ನಿನ್ನೆ ನಾವು ಸಕುಟುಂಬ ಸಪರಿವಾರ ಟೈರ್ ಅಂಗಡಿಗೆ ದಯಮಾಡಿಸಿದೆವು. ಟೈರಿನವರು ಆಮೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು.

"ಏನ್ ಸಾರ್, ಮನೇನೇ ಎತ್ಕೊಂಡು ಬಂದಿದೀರಾ?"

"ಇದಕ್ಕೆ ಇನ್ನೂ ದೊಡ್ಡ ಟೈರ್ ಬೇಕು."

"ಯಾಕೆ, ಇದು ಚೆನ್ನಾಗೇ ಇದೆಯಲ್ಲ?"

"ನಮ್ಮಕ್ಕನ ಮನೆ ದಾರೀಲಿ ದಿಬ್ಬ ಇದೆ."

"ಅಲ್ಲಾ ಸಾರ್, ಒಂದು ದಿಬ್ಬಕ್ಕೋಸ್ಕರ ಆರು ಟೈರಾ? ಗುದ್ದಲಿ ತಗೊಂಡು ಹೋಗಿ ದಿಬ್ಬಾನೇ ಕೆತ್ತಿಬಿಡಿ."

"ಕೆತ್ತಿದ್ರೆ ಅಡೀಲಿ ಬಂಡೆ ಇದೆ," ಅಂದರು ಅಪ್ಪ. ಹನ್ನೊಂದು ವರ್ಷದ ಹಿಂದೆ ಪೈಪು ಕಿತ್ತುಹೋದಾಗ ಅವರು ಅರ್ಧ ಗಂಟೆ ಆ ಬಂಡೆಯನ್ನೇ ನೋಡುತ್ತ ಕೂತಿದ್ದರು.

ಅಮ್ಮ ಗಾಡಿಯೊಳಗಿಂದ ತಲೆ ಹೊರಹಾಕಿ, "ನಾನಂತೂ ಇಟ್ಟಿಗೆ ಮನೆ ಬಿಟ್ಟು ಎಲ್ಲಿಗೂ ಬರಲ್ಲ. ಆದ್ರೂ ಟೈರು ಹಾಕ್ಸಿ. ಹೋಗೋರಾದ್ರೂ ನೆಟ್ಟಗೆ ಹೋಗಿ ಬರ್ಲಿ," ಎಂದು ತೀರ್ಪು ಕೊಟ್ಟಳು.

ಈಗಿರುವ ಟೈರಿನ ಎತ್ತರ ಎಪ್ಪತ್ತು ಸೆಂಟಿಮೀಟರ್. ಹೊಸದು ಎಪ್ಪತ್ತೆಂಟು! ಅಂದರೆ ಆಮೆ ಎಂಟು ಸೆಂಟಿಮೀಟರ್ ಮೇಲೇರಿ, ದಿಬ್ಬದ ತಲೆ ಸವರಿ ಆಶೀರ್ವಾದ ಮಾಡಿ ಮುಂದೆ ಹೋಗುತ್ತದೆ.

ಈ ಲಕೋಟೆಯೊಳಗೆ ಇಲಾಖೆಯಿಂದ ಬಂದ ಒಂದು ಆದೇಶವೂ ಇದೆ. ಅದು ನಮ್ಮ ವಿಳಾಸಕ್ಕೆ ಹೇಗೋ ತಪ್ಪಿ ಬಂತು. ನಾನು ಕೆಲಸ ಮಾಡುವ ಪ್ರೆಸ್ಸಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ತಮ್ಮ ಪಾದಧೂಳಿ,
ತರಲೆ

ಲಗತ್ತು: "ಆದೇಶ. ನದಿಯು ತನ್ನ ಕೊನೆಯನ್ನು ಸರಿಯಾಗಿ ತಲುಪುತ್ತಿದೆಯೇ ಎಂಬ ಬಗ್ಗೆ ಮೇಲಧಿಕಾರಿಗಳಿಗೆ ಸಂಶಯ ಉಂಟಾಗಿರುವುದರಿಂದ, ಸದರಿ ಕೇಂದ್ರದಲ್ಲಿ ನದಿಯ ನೀರಿನ ಮಟ್ಟದ ಗೇಜ್ ಓದುವವರು ಏಪ್ರಿಲ್ ತಿಂಗಳಲ್ಲಿ ಖುದ್ದಾಗಿ ನದೀಮುಖಕ್ಕೆ ತೆರಳಿ, ಸ್ಥಳ ತನಿಖೆ ನಡೆಸಿ, ವರದಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ನದಿಯನ್ನೇ ಹಿಂದಕ್ಕೆ ಕರೆಸಲಾಗುವುದು."


ಫೆಬ್ರವರಿ 1

ತರಲೆ,

ಆ ಆದೇಶವನ್ನು ಅರ್ಧ ದಿನ ನಂಬಿದೆ. ಬೆಳಗಿನಿಂದ ರಿಜಿಸ್ಟರುಗಳನ್ನೆಲ್ಲ ಜೋಡಿಸಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನ ಕನ್ನಡಕ ಒರೆಸಿ ನೋಡಿದರೆ ಮುದ್ರೆಯಲ್ಲಿ ಸರ್ಕಾರಿ ಲಾಂಛನದ ಜಾಗದಲ್ಲಿ ಕಾಗೆ. ಆಲೂಗಡ್ಡೆ ಕೆತ್ತಿ ಮಾಡಿದ್ದು ತಾನೆ? ನೀನು ಕೈಗೆ ಸಿಗು, ಆಮೇಲೆ ಇದೆ.

ಈಗ ಲೆಕ್ಕ. ಟೈರು ಎಂಟು ಸೆಂ.ಮೀ. ದೊಡ್ಡದಾದರೆ ಗಾಡಿ ಎಂಟು ಏರುವುದಿಲ್ಲ. ಗಾಡಿ ಕೂತಿರುವುದು ಚಕ್ರದ ನಡುವಿನ ಮೇಲೆ. ಹೆಚ್ಚಾದ ಎಂಟರಲ್ಲಿ ಅರ್ಧ ನಡುವಿನ ಮೇಲೆ ಹೋಯಿತು, ಅರ್ಧ ಕೆಳಗೆ. ನಿಮಗೆ ಸಿಗುವುದು ನಾಲ್ಕೇ. ಹತ್ತೊಂಬತ್ತಕ್ಕೆ ನಾಲ್ಕು ಸೇರಿದರೆ ಇಪ್ಪತ್ತಮೂರು. ದಿಬ್ಬಕ್ಕೂ ಪೈಪಿಗೂ ನಡುವೆ ಒಂದೇ ಒಂದು ಸೆಂಟಿಮೀಟರ್. ಸಾಕು. ಆದರೆ ಕುಡಿಯುವ ನೀರಿನ ಟ್ಯಾಂಕು ಖಾಲಿ ಇಟ್ಟುಕೊಂಡು ಬರಲಿ. ತುಂಬಿದ್ದರೆ ಗಾಡಿ ತಗ್ಗುತ್ತದೆ. ನೀರು ಇಲ್ಲಿ ಬೇಕಾದಷ್ಟಿದೆ.

ಮೆಟ್ಟಿಲು ಮೂವತ್ತನಾಲ್ಕು ಅಂದೆಯಲ್ಲ, ಸರಿ. ಅಷ್ಟು ಆಗುತ್ತದೆ.

ನಿನ್ನ ಅತ್ತೆ


ಫೆಬ್ರವರಿ 12

ಗಣಿತ ಸರಸ್ವತಿಯವರ ಪಾದಕಮಲಗಳಿಗೆ,

ತಮ್ಮ ಅರ್ಧದ ಸಿದ್ಧಾಂತವನ್ನು ಓದಿ ಹೇಳಿದೆ. ಅಪ್ಪ ತಲೆ ಕೂಡ ಎತ್ತದೆ, "ನಂಗೊತ್ತಿತ್ತು. ನೀನು ಕೇಳಿದ್ಯಾ?" ಅಂದರು. ಈ ಮನೆಯಲ್ಲಿ ನನ್ನ ಅಜ್ಞಾನ ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಹೊಸ ಟೈರು ಹಾಕಿ ಆಯಿತು! ಆರೂ ಹಾಕಿ ಆಯಿತು! ಮೊದಲ ದಿನ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ, ಹಂಚಿನ ಮೇಲೆ ಉಗುರು ಗೀರಿದಂಥ ಸದ್ದು. ಅಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು ಮಡ್‌ಗಾರ್ಡಿನ ಅಂಚು ಕತ್ತರಿಸಿ, ಉಜ್ಜಿ ನುಣುಪು ಮಾಡಿ, ಬಣ್ಣ ಬಳಿದರು. ಬಣ್ಣ ಒಂಚೂರು ಬೇರೆಯಾಗಿ ಆಮೆ ಈಗ ಹುಬ್ಬು ತೀಡಿಸಿಕೊಂಡ ಹಾಗಿದೆ. ಪಕ್ಕದ ಮನೆಯವರು "ಗಾಡಿಗೆ ಮದುವೆ ಗೊತ್ತಾಯ್ತಾ?" ಎಂದು ಕೇಳಿದರು.

ಆಮೇಲೆ ಅಪ್ಪ ಅಂಗಾತ ಮಲಗಿ ಅಳೆದರು. ನಾನು ಟೇಪಿನ ಇನ್ನೊಂದು ತುದಿ ಹಿಡಿದೆ. ಪೈಪಿನ ಕೆಳಗೆ ಇಪ್ಪತ್ತಮೂರು, ಕೂದಲೆಳೆಯಷ್ಟೂ ಕಮ್ಮಿ ಇಲ್ಲ. ಅಪ್ಪ ಗಾಡಿ ಕೆಳಗಿಂದ ಬರಲೇ ಇಲ್ಲ. ಬಗ್ಗಿ ನೋಡಿದರೆ ಒಬ್ಬರೇ ನಗುತ್ತಿದ್ದರು. ಇಂಥಾ ನಗು ನಾನು ಅವರ ಮುಖದಲ್ಲಿ ನೋಡಿದ್ದು ಯಾವಾಗ ಎಂದು ಯೋಚಿಸಿ ಯೋಚಿಸಿ ಸೋತೆ.

ನಾಲ್ಕು ಸೆಂಟಿಮೀಟರ್ ಎಲ್ಲದಕ್ಕೂ ಸಿಕ್ಕಿದೆ. ಕನ್ನಡಿ ಏರಿತು, ದೀಪ ಏರಿತು, ಮೆಟ್ಟಿಲು ಮೂವತ್ತೆಂಟಾಯಿತು, ಅಪ್ಪನ ಗತ್ತು ಅಳತೆಗೆ ಸಿಗುತ್ತಿಲ್ಲ.

ತಾವು ಪೆಟ್ಟಿಗೆ ಕಟ್ಟತಕ್ಕದ್ದು.

ತರಲೆ


ಫೆಬ್ರವರಿ 20

ತರಲೆ,

ಟೈರು ಸರಿಹೊಂದಿದ್ದು ಸಂತೋಷ. ನಿಮ್ಮಪ್ಪನ ಕೈಕೆಲಸ ಯಾವಾಗಲೂ ಅಚ್ಚುಕಟ್ಟು.

ನನಗೆ ಬರಲಿಕ್ಕೆ ಆಗುವುದಿಲ್ಲ. ನನ್ನ ಜಾಗಕ್ಕೆ ಬರಬೇಕಾದವರು ಏಪ್ರಿಲ್ ಕೊನೆಗೆ ಬರುತ್ತಾರಂತೆ. ಗೇಜ್ ಬಿಟ್ಟು ಬರುವ ಹಾಗಿಲ್ಲ. ಮೊದಲೇ ಯೋಚಿಸಿ ಹೇಳಬೇಕಿತ್ತು.

ನಿನ್ನ ಅತ್ತೆ


ಫೆಬ್ರವರಿ 27

ಅತ್ತೆ,

ಬಿರುದು ಬಾವಲಿಗಳನ್ನೆಲ್ಲ ಬದಿಗಿಟ್ಟು ಬರೆಯುತ್ತಿದ್ದೇನೆ. ತಪ್ಪು ನನ್ನದು.

ಆ ಸುಳ್ಳು ಆದೇಶ ಕಳಿಸಬಾರದಿತ್ತು. ತಾವು ಇಸ್ತ್ರಿ ಬಟ್ಟೆ ಹಾಕಿಕೊಂಡು ಕೂತಿದ್ದು ಓದಿದಾಗ ಮೊದಲು ಬಿದ್ದು ಬಿದ್ದು ನಕ್ಕೆ. ಈಗ ಅದೇ ಸಾಲು ಬಂದರೆ ಓದದೆ ಪತ್ರ ಮಡಚಿಡುತ್ತೇನೆ. ಮೂವತ್ತೊಂದು ವರ್ಷದಲ್ಲಿ ಇಲಾಖೆ ತಮ್ಮನ್ನು ಎಲ್ಲಿಗೂ ಕಳಿಸಲಿಲ್ಲ. ನಾನು ಅದನ್ನೇ ತಮಾಷೆ ಮಾಡಿಬಿಟ್ಟೆ. ಅದಕ್ಕೆ ಬೇಜಾರಾಗಿ ಬರುವುದಿಲ್ಲ ಅಂದಿರಿ ಅಂತ ನನಗೆ ಗೊತ್ತು. ಆಲೂಗಡ್ಡೆಯನ್ನು ಅಮ್ಮ ಬೇಯಿಸಿ ಹಾಕಿದಳು, ಶಾಯಿಯ ಸಮೇತ ತಿಂದೆ. ಶಿಕ್ಷೆ ಸಾಲದಿದ್ದರೆ ಹೇಳಿ.

ಅಪ್ಪ ಪತ್ರ ಓದಿದರು. ಎದ್ದುಹೋಗಿ ಟೈರುಗಳಿಗೆ ಗಾಳಿ ಸರಿ ಇದೆಯಾ ನೋಡಿದರು. ಸರಿ ಇತ್ತು. ಮತ್ತೆ ನೋಡಿದರು. ಕೆಳಗಿನ ಸಾಲು ಅವರದೇ ಕೈಬರಹ.

ತರಲೆ

ಅಕ್ಕ, ಬಾ.


ಮಾರ್ಚ್ 4

ತರಲೆ,

ಆದೇಶದ ಬಗ್ಗೆ ನನಗೆ ಬೇಜಾರಿಲ್ಲ. ಗೋಡೆಗೆ ಅಂಟಿಸಿದ್ದೇನೆ.

ನೀವು ಅಪ್ಪ ಮಗಳು ಹೋಗಿ ಬನ್ನಿ. ನದಿಯ ಕೊನೆಯಲ್ಲಿ ಒಂದು ಬಾಟಲಿಯಷ್ಟು ನೀರು ತುಂಬಿ ನನಗೆ ಕಳಿಸಿ. ಅಷ್ಟಾದರೆ ಸಾಕು.

ನಿನ್ನ ಅತ್ತೆ


ಮಾರ್ಚ್ 11

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ನಾವೆಲ್ಲರೂ ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇವೆ. ಇಲ್ಲಿ ಬಿಸಿಲು ಜಾಸ್ತಿಯಾಗಿದೆ. ಅಮ್ಮ ಆರೋಗ್ಯ. ಪ್ರೆಸ್ಸಿನಲ್ಲಿ ಕೆಲಸ ನಡೆದಿದೆ. ಅಪ್ಪ ಒಂದು ಸಣ್ಣ ಕೆಲಸದಲ್ಲಿ ತೊಡಗಿದ್ದಾರೆ.

ತಮ್ಮ ಆರೋಗ್ಯ ಹೇಗಿದೆ? ವಿಶ್ರಾಂತಿ ತೆಗೆದುಕೊಳ್ಳಿ. ಕಾಲಕಾಲಕ್ಕೆ ಊಟ ಮಾಡಿ.

ಇಂತಿ,
ತರಲೆ


ಮಾರ್ಚ್ 16

ತರಲೆ,

ನಿನ್ನ ಪತ್ರ ಓದಿ ಗಾಬರಿಯಾಯಿತು. ಹುಟ್ಟಿದಾಗಿನಿಂದ ನೀನು ಒಂದು ಪತ್ರವನ್ನೂ ಇಷ್ಟು ಮರ್ಯಾದೆಯಾಗಿ ಬರೆದವಳಲ್ಲ. ಯಾರಿಗೆ ಏನಾಯಿತೋ ಎಂದು ಇಡೀ ಬೆಳಗ್ಗೆ ಒದ್ದಾಡಿದೆ.

ಮಧ್ಯಾಹ್ನ ನರ್ಸಮ್ಮ ಬಂದಳು. ರಸ್ತೆಯಲ್ಲಿ ನಮ್ಮ ತಿರುವು ದಾಟಿ ಒಂದೂವರೆ ಕಿಲೋಮೀಟರು ಮುಂದೆ ಅವಳ ಆರೋಗ್ಯ ಕೇಂದ್ರ. ಶನಿವಾರಕ್ಕೊಮ್ಮೆ ಸ್ಕೂಟರಿನಲ್ಲಿ ನನ್ನನ್ನು ನೋಡಿಕೊಂಡು ಹೋಗುತ್ತಾಳೆ. "ಅಮ್ಮಾ, ಹೋದ ವಾರ ನಮ್ಮ ಬಾಗಿಲಿಗೆ ಒಂದು ಮನೆ ಬಂದಿತ್ತು," ಅಂದಳು. "ಚಕ್ರದ ಮೇಲೆ. ಹುಬ್ಬಿಗೆ ಬಣ್ಣ ಹಚ್ಚಿತ್ತು." ಒಬ್ಬ ದಪ್ಪ ಮನುಷ್ಯ ಇಳಿದು, ಮೀಟರು ಹದಿನಾಲ್ಕು ತೋರಿಸ್ತಿದೆ, ಗೇಜಿನ ಮನೆ ಎಲ್ಲಿ ಅಂತ ಕೇಳಿದನಂತೆ. ಪಕ್ಕದಲ್ಲಿ ಒಬ್ಬಳು ಹುಡುಗಿ, "ನಾವು ಇಲಾಖೆಯ ಗುಪ್ತ ತನಿಖಾಧಿಕಾರಿಗಳು," ಅಂದಳಂತೆ. ಆ ಹುಡುಗಿ ಯಾರೆಂದು ನಾನು ಕೇಳಬೇಕಾಗಲಿಲ್ಲ.

ನರ್ಸಮ್ಮ ಒಳ್ಳೆಯವಳು, ಬಾಯಿ ಮಾತ್ರ ಸಡಿಲ. "ಮಂಡಿ ನೋವಿನ ಅಮ್ಮನ ಮನೆಯಾ?" ಅಂದುಬಿಟ್ಟಳಂತೆ. ಕಳೆದ ನವೆಂಬರಿನಲ್ಲಿ ನಾನು ಗೇಜಿನ ಪಾಚಿ ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು, ಒಂದು ಗೇಣಿಗಿಂತ ಮೇಲೆ ಎಡಗಾಲು ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದು, ಎಲ್ಲ ಒಪ್ಪಿಸಿದಳಂತೆ. ನಿಮ್ಮಪ್ಪ ಜೇಬಿನಿಂದ ಟೇಪು ತೆಗೆದು ಅವಳ ಬಾಗಿಲ ಮೆಟ್ಟಿಲು ಅಳೆದು, ಗಾಡಿ ಹತ್ತಿದನಂತೆ.

ಆಮೇಲೆ ನೀವು ಎಲ್ಲಿಗೆ ಹೋದಿರಿ?

ಅತ್ತೆ


ಮಾರ್ಚ್ 19

ಅತ್ತೆ,

ಗುಪ್ತ ತನಿಖಾಧಿಕಾರಿಯು ಸಿಕ್ಕಿಬಿದ್ದಿದ್ದಾಳೆ. ತಪ್ಪೊಪ್ಪಿಗೆ ಹೀಗಿದೆ.

ಅಪ್ಪನಿಗೆ ತಮ್ಮ ಮಾತಿನ ಮೇಲೆ ನಂಬಿಕೆ ಬರಲಿಲ್ಲ. "ಅಕ್ಕ ಒಂದ್ಸಲ ಬರ್ತೀನಿ ಅಂದ್ಮೇಲೆ ಬರಲ್ಲ ಅನ್ನಲ್ಲ. ಹೋಗಿ ಎತ್ಕೊಂಡೇ ಬರೋಣ, ದಿಬ್ಬಾನೂ ನೋಡ್ದಂಗಾಯ್ತು," ಅಂತ ಹೇಳದೆ ಕೇಳದೆ ಹೊರಟೆವು. ಮೀಟರು ಹದಿನಾಲ್ಕು ತೋರಿಸಿದಾಗ ಎಡಕ್ಕೆ ನೋಡಿದರೆ ಆರೋಗ್ಯ ಕೇಂದ್ರ. ಟೈರು ದೊಡ್ಡದಾದರೆ ಕಡಿಮೆ ಸುತ್ತಿನಲ್ಲೇ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಮಾತ್ರ ಹಳೇ ಲೆಕ್ಕ. ಅದು ಹದಿನಾಲ್ಕು ಅಂದಾಗ ನಾವು ಹದಿನೈದೂವರೆ ದಾಟಿದ್ದೆವು. ಮೂವತ್ತು ವರ್ಷದ ಮೆಕ್ಯಾನಿಕ್ಕಿಗೆ ಇದು ಹೊಳೆಯಲಿಲ್ಲ, ಅರ್ಧದ ಸಿದ್ಧಾಂತ ಬರೆದ ತಮಗೂ ಹೊಳೆಯಲಿಲ್ಲ. ನನಗೆ ಹೊಳೆಯದಿದ್ದುದು ಸುದ್ದಿಯೇ ಅಲ್ಲ.

ಅಲ್ಲಿಂದ ಹಿಂದೆ ಬಂದು ತಿರುವು ಹುಡುಕಿ ಒಳಗೆ ಹೋದೆವು. ದಿಬ್ಬ ಬಂತು. ನಾನು ಇಳಿದು ನೆಲಕ್ಕೆ ಕೆನ್ನೆ ಒತ್ತಿ ನೋಡುತ್ತಿದ್ದೆ. ಆಮೆ ದಾಟಿತು ಅತ್ತೆ! ಪೈಪಿನ ಕೆಳಗೆ ಬೆಳಕಿನ ಒಂದು ಗೆರೆ ಕಂಡಿತು, ಅಷ್ಟೇ ಜಾಗ. ಹನ್ನೊಂದು ವರ್ಷ ಕಾದ ಗಳಿಗೆ. ನಾನು ಚಪ್ಪಾಳೆ ಹೊಡೆದೆ, ಅಪ್ಪ ಹೊಡೆಯಲಿಲ್ಲ. ತಮ್ಮ ಮನೆಯ ಹಂಚು, ಹಗ್ಗದ ಮೇಲೆ ಒಂದು ಹಸಿರು ಟವೆಲ್ಲು ಕಾಣುವಷ್ಟು ಹತ್ತಿರ ಹೋಗಿ ಗಾಡಿ ನಿಲ್ಲಿಸಿದರು.

"ಯಾಕಪ್ಪಾ?"

"ಆವತ್ತು ತಲುಪೋಕಾಗ್ದೆ ವಾಪಸ್ ಹೋದೆ. ಇವತ್ತು ತಲುಪಿದೀನಿ, ಅವಳಿಗೆ ಹತ್ತೋಕಾಗಲ್ಲ. ಹತ್ತಿಸ್ಕೊಳ್ಳೋಕಾಗ್ದಿರೋ ಗಾಡಿ ತಗೊಂಡು ಏನಂತ ಮುಖ ತೋರಿಸ್ಲಿ? ಸರಿ ಮಾಡ್ಕೊಂಡೇ ಬರ್ತೀನಿ."

"ಹಾಗಾದ್ರೆ ನಾನೊಬ್ಳೇ ಹೋಗಿ ಮಾತಾಡ್ಸ್ಕೊಂಡು ಬರ್ಲಾ?"

"ಅವಳು ನಮಗೆ ಹೇಳಿಲ್ಲ ಅಂದ್ರೆ ನಾವು ನೋಡೋದು ಅವಳಿಗಿಷ್ಟ ಇಲ್ಲ."

ಹಾಗೆ ವಾಪಸ್ ಬಂದೆವು. ಬರಬಾರದಿತ್ತು, ಗೊತ್ತು.

ಅಂದಿನಿಂದ ನಡೆದದ್ದು ಇಷ್ಟು. ಮೊದಲು ಹಳೇ ಟೈರೇ ಹಾಕಿಬಿಡೋಣ ಅಂದರು. ಹಾಕಿದರೆ ದಿಬ್ಬ ದಾಟಲ್ಲ. ದೊಡ್ಡದಿದ್ದರೆ ತಾವು ಹತ್ತಲ್ಲ. ಆಮೇಲೆ ಗಾಡಿಯ ಹಿಂಬದಿಯ ಬಾಗಿಲಿನ ಕೆಳಗೆ ಕಬ್ಬಿಣದ ಇನ್ನೊಂದು ಮೆಟ್ಟಿಲು ಬೆಸೆದರು. ಚೆಂದವಾಗಿತ್ತು, ಗಟ್ಟಿಯಾಗಿತ್ತು, ಅಳೆದರೆ ನೆಲದಿಂದ ಹತ್ತೊಂಬತ್ತು. ಅಂದರೆ ಇಪ್ಪತ್ತೆರಡರ ದಿಬ್ಬಕ್ಕೆ ಈಗ ಪೈಪಿನ ಬದಲು ಮೆಟ್ಟಿಲು ಬಡಿಯುತ್ತದೆ! ಕಿತ್ತರು. ಮಡಚುವ ಮೆಟ್ಟಿಲು ಮಾಡಿದರು. ಮಡಚಿದರೂ ಜೋತುಬಿದ್ದಿತ್ತು, ಕಿತ್ತರು. ಮೂರನೇ ನಕ್ಷೆ ಬರೆಯುತ್ತಿದ್ದಾಗ ಅಮ್ಮ ಬಟ್ಟೆ ಒಗೆದು ಬಂದಳು.

"ಇದೇನ್ರೀ ಇಷ್ಟೊಂದು ಕಾಗದ?"

"ಅಕ್ಕನಿಗೆ ಮೆಟ್ಟಿಲು."

ಅಮ್ಮ ಒಂದು ಗಳಿಗೆ ನಕ್ಷೆ ನೋಡಿದಳು, ಒಂದು ಗಳಿಗೆ ಅಪ್ಪನನ್ನು ನೋಡಿದಳು. ಬಚ್ಚಲಿಗೆ ಹೋಗಿ, ತಾನು ಕೂತು ಬಟ್ಟೆ ಒಗೆಯುವ ಸ್ಟೂಲು ತಂದು ಬಾಗಿಲ ಮುಂದೆ ಇಟ್ಟಳು.

"ಇದನ್ನ ಇಡಿ, ಅತ್ತಿಗೆ ಹತ್ಲಿ, ಆಮೇಲೆ ಒಳಗೆ ಎತ್ತಿಟ್ಕೊಳ್ಳಿ."

"ಬೋಲ್ಟ್ ಹಾಕ್ದೆ ಇರೋದು ಯಾವ್ದೂ ನನ್ನ ಗಾಡೀಲಿ ಇರಲ್ಲ," ಎಂದರು ಅಪ್ಪ, ಸೋತ ದನಿಯಲ್ಲಿ. ಆದರೂ ಟೇಪು ತೆಗೆದರು. ಸ್ಟೂಲು ಹತ್ತೊಂಬತ್ತು. ಮೂವತ್ತೆಂಟರ ಸರಿಯಾದ ಅರ್ಧ. ಒಂದು ಗೇಣೂ ಇಲ್ಲ.

ಅತ್ತೆ, ಹತ್ತು ದಿನ, ಇಬ್ಬರು ಅಳತೆಗಾರರು, ಎರಡು ಮೆಟ್ಟಿಲು, ಆರು ಟೈರು. ಅಮ್ಮ ಇನ್ನೂ ನಗುತ್ತಿದ್ದಾಳೆ.

ಬರ್ತೀರಾ?

ತರಲೆ


ಮಾರ್ಚ್ 23

ತರಲೆ,

ಬಾಗಿಲ ತನಕ ಬಂದು ತಿರುಗಿ ಹೋದಿರಾ? ನಿಮ್ಮಪ್ಪನಿಗೆ ಹೇಳು, ನನಗೆ ಪೆಟ್ಟಾಗಿದ್ದು ಮಂಡಿಗೆ, ಬಾಯಿಗಲ್ಲ. ಎದುರಿಗೆ ಸಿಕ್ಕಿದ ದಿನ ಹನ್ನೊಂದು ವರ್ಷದ್ದೂ ಸೇರಿಸಿ ಬೈಯುತ್ತೇನೆ. ಆ ಹಸಿರು ಟವೆಲ್ಲು ಅವನೇ ಕೊಡಿಸಿದ್ದು.

ಹೇಳದೆ ಮುಚ್ಚಿಟ್ಟಿದ್ದು ನನ್ನ ತಪ್ಪು. ಬಿದ್ದೆ ಅಂದರೆ ಇಲಾಖೆಯವರು ಕೊನೇ ತಿಂಗಳುಗಳಲ್ಲಿ ಮನೆಗೆ ಕಳಿಸುತ್ತಿದ್ದರು. ನೀವು ಬಂದು ಸಾಮಾನಿನ ಹಾಗೆ ಎತ್ತಿಕೊಂಡು ಹೋಗುತ್ತಿದ್ದಿರಿ. ಅದಕ್ಕೆ ದಂಡೆಯ ಮೇಲೆ ನಿಂತು ದುರ್ಬೀನಿನಲ್ಲಿ ಗೇಜ್ ಓದಿಕೊಂಡು ಕಾಲ ತಳ್ಳಿದೆ. ಒಂದು ಅಂಕಿಯೂ ತಪ್ಪಿಲ್ಲ.

ನೀನು ಮೆಟ್ಟಿಲು ಮೂವತ್ತನಾಲ್ಕು ಎಂದು ಬರೆದ ದಿನ ಮನೆಯಲ್ಲೆಲ್ಲ ಅಳೆದು ನೋಡಿದೆ. ಜಗುಲಿಯ ಅಂಚು ಸರಿಯಾಗಿ ಮೂವತ್ತನಾಲ್ಕಿತ್ತು. ಕಂಬ ಹಿಡಿದುಕೊಂಡು ದಿನಾ ಅಭ್ಯಾಸ ಮಾಡಿದೆ. ಡಾಕ್ಟರಿಗೆ ಹೇಳಲಿಲ್ಲ. ಮೊದಲ ವಾರ ಆಗಲಿಲ್ಲ, ಫೆಬ್ರವರಿ ಹೊತ್ತಿಗೆ ಹತ್ತುತ್ತಿದ್ದೆ. ಆಗ ನಿನ್ನ ಪತ್ರ ಬಂತು, ಮೂವತ್ತೆಂಟು ಅಂತ. ಜಗುಲಿ ಮೇಲೆ ಎರಡು ಹಳೇ ರಿಜಿಸ್ಟರು ಇಟ್ಟು ಎತ್ತರ ಮಾಡಿಕೊಂಡು ನೋಡಿದೆ. ನಾಲ್ಕೇ ಸೆಂಟಿಮೀಟರ್. ಕಾಲು ಏಳಲೇ ಇಲ್ಲ. ನನ್ನ ಹತ್ತಿರ ಬರಲಿಕ್ಕೆ ನಿಮಗೆ ಆ ನಾಲ್ಕು ಬೇಕಿತ್ತು. ಅದನ್ನು ತೆಗೆಯಿರಿ ಎಂದು ಯಾವ ಬಾಯಲ್ಲಿ ಹೇಳಲಿ?

ಸ್ಟೂಲು ನನಗೂ ಹೊಳೆದಿರಲಿಲ್ಲ. ನಿಮ್ಮಮ್ಮನಿಗೆ ಹೇಳು, ಇಲಾಖೆಗೆ ಇಂಥವರು ಬೇಕಾಗಿತ್ತು. ಅದರ ಮೇಲೆ ಕಾಲಿಟ್ಟೇ ಹತ್ತುತ್ತೇನೆ. ನಾನು ಹತ್ತುವಾಗ ಯಾರೂ ಕೈ ಹಿಡಿಯಕೂಡದು.

ಆದರೆ ಗೇಜಿನ ವಿಷಯ ನೆಪವಲ್ಲ. ಬರುವವರು ಏಪ್ರಿಲ್ ಕೊನೆಗೇ ಬರುವುದು. ದಿನಕ್ಕೆ ಮೂರು ಹೊತ್ತು ಯಾರಾದರೂ ಓದಲೇಬೇಕು. ನಾನು ಹೊರಟುಹೋದರೆ ಸಾಲು ಖಾಲಿ ಬೀಳುತ್ತದೆ. ಮೂವತ್ತೊಂದು ವರ್ಷದಲ್ಲಿ ಒಂದು ಖಾಲಿ ಸಾಲಿಲ್ಲ.

ಅತ್ತೆ


ಮಾರ್ಚ್ 26

ಅತ್ತೆ,

ನಾನು ಓದುತ್ತೇನೆ.

ಪ್ರೆಸ್ಸಿನ ಯಜಮಾನರ ಹತ್ತಿರ ರಜೆ ಕೇಳಿದೆ. "ನೀನಿಲ್ದಿದ್ರೆ ಒಂದು ತಿಂಗ್ಳು ಆಹ್ವಾನ ಪತ್ರಿಕೆಗಳು ನೆಟ್ಟಗೆ ಬರ್ತವೆ, ಹೋಗು," ಅಂದರು. ಗಾಡಿಯಲ್ಲಿ ನನ್ನ ಜಾಗದಲ್ಲಿ ತಾವು ಕೂತುಕೊಳ್ಳಿ, ತಮ್ಮ ಜಾಗದಲ್ಲಿ ನಾನು ಕೂರುತ್ತೇನೆ. ತಮ್ಮ ಮೇಲಧಿಕಾರಿಗಳಿಗೆ ಬರೆಯಿರಿ. ಪತ್ರವನ್ನು ತಾವೇ ಬರೆಯಿರಿ, ನಾನು ಬರೆದರೆ ಯಾರೂ ನಂಬುವುದಿಲ್ಲ.

ಅಪ್ಪನಿಗೆ ಹೇಳಿದೆ. "ನೀನು? ಮೂರು ಹೊತ್ತು? ಒಂದೂ ಸುಳ್ಳು ಬರೀದೆ?" ಅಂದರು. ಹೌದು ಅಂದೆ. ನನ್ನ ಮುಖವನ್ನೇ ನೋಡಿ, "ಸರಿ," ಅಂದರು. ಏಪ್ರಿಲ್ ಒಂದಕ್ಕೆ ಬರುತ್ತೇವೆ. ಈ ಸಲ ಬಾಗಿಲ ಒಳಗೇ.

ತರಲೆ


ಏಪ್ರಿಲ್ 9
ಗೇಜಿನ ಮನೆಯಿಂದ

ನದೀಮುಖದ ಅಂಚೆ ಕಚೇರಿಗೆ ಬಂದು ಕೇಳಿ ಪಡೆಯತಕ್ಕ ಅತ್ತೆಯವರಿಗೆ,

ತಾವು ಸ್ಟೂಲಿನ ಮೇಲೆ ಕಾಲಿಟ್ಟು, ಕೈ ಚಾಚಿದ ಅಪ್ಪನ ಕೈಗೆ ಚೀಲ ಕೊಟ್ಟು, ಒಬ್ಬರೇ ಒಳಗೆ ಹತ್ತಿ, ಕಿಟಕಿಯಿಂದ ತಲೆ ಹಾಕಿ "ಬೆಳಿಗ್ಗೆ ಆರು ಅಂದ್ರೆ ಆರು!" ಎಂದು ನನ್ನನ್ನು ಗದರಿಸಿ ಹೊರಟು ಇಂದಿಗೆ ಏಳು ದಿನ. ಇಪ್ಪತ್ತೊಂದು ಸಲ ಓದಿದ್ದೇನೆ. ಇಪ್ಪತ್ತೊಂದೂ ನಿಜ.

ಒಂದು ತಪ್ಪೊಪ್ಪಿಗೆ ಇದೆ. ರಿಜಿಸ್ಟರಿನಲ್ಲಿ 'ಷರಾ' ಎಂದು ಒಂದು ಖಾಲಿ ಅಂಕಣ ಇದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನ್ನ ಕೈ ಕಡಿಯುತ್ತದೆ. ಮೂರನೇ ದಿನ 'ನದಿಯು ಇಂದು ಅನುಮತಿ ಇಲ್ಲದೆ ಗೈರುಹಾಜರಾಗಲು ಯತ್ನಿಸಿತು' ಎಂದು ಬರೆಯಲು ಪೆನ್ನು ಎತ್ತಿದೆ. ಆಮೇಲೆ ತಮ್ಮ ಹಳೇ ಪುಟಗಳನ್ನು ತಿರುವಿದೆ. ಎಲ್ಲ ಕಡೆ ಒಂದೇ ಶಾಯಿ, ಒಂದೇ ಅಳತೆಯ ಅಕ್ಷರ. ಷರಾದಲ್ಲಿ ಬರೀ 'ಗಾಳಿ ಇದೆ', 'ಗಾಳಿ ಇಲ್ಲ', 'ಮೋಡ'. ನನ್ನ ಹುಟ್ಟಿದ ದಿನ ಹುಡುಕಿದೆ. ಅವತ್ತು ಮಾತ್ರ 'ತಮ್ಮನಿಗೆ ಮಗಳು' ಎಂದಿದೆ. ಅತ್ತೆ, ಸರ್ಕಾರಿ ರಿಜಿಸ್ಟರು!

ಪೆನ್ನು ಇಳಿಸಿ 'ಗಾಳಿ ಇಲ್ಲ' ಎಂದು ಬರೆದೆ. ನಿಜವಾಗಿಯೂ ಇರಲಿಲ್ಲ.

ನರ್ಸಮ್ಮ ಬಂದು ಹೋದಳು. ನನಗೆ ಯಾವ ಕಾಯಿಲೆಯೂ ಇಲ್ಲ ಎಂದು ಗೊತ್ತಾಗಿ ನಿರಾಸೆಯಿಂದ ಚಹಾ ಕುಡಿದಳು. ಇಲ್ಲಿ ನನಗೆ ಹಾಯಾಗಿದೆ. ಯಾರನ್ನೂ ಏಮಾರಿಸದೆ ಏಳು ದಿನ ಕಳೆಯಬಹುದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಂಬುತ್ತಿರಲಿಲ್ಲ.

ತಾವು ಎಲ್ಲಿದ್ದೀರಿ? ತಲುಪಿದಿರಾ?

ಹಂಗಾಮಿ ಗೇಜ್ ಓದುವವರು,
ತರಲೆ


ಏಪ್ರಿಲ್ 15

ತರಲೆ,

ತಲುಪಿದೆವು. ನಿನ್ನೆ ಸಂಜೆ.

ನಿಮ್ಮಪ್ಪ ದಾರಿಯುದ್ದಕ್ಕೂ ಮೀಟರು ನೋಡುವುದು, ತಲೆಯಲ್ಲೇ ಗುಣಿಸುವುದು, "ಇಷ್ಟಲ್ಲ ಅಕ್ಕ, ಇನ್ನೂ ಜಾಸ್ತಿ ಬಂದಿದೀವಿ," ಅನ್ನುವುದು. ನಾನು ಬೈಯಬೇಕು ಅಂದುಕೊಂಡಿದ್ದನ್ನೆಲ್ಲ ಮೊದಲ ದಿನವೇ ಬೈದು ಮುಗಿಸಿದೆ. ಎರಡನೇ ದಿನದಿಂದ ಮಾತಾಡಲಿಕ್ಕೆ ಬೇರೆ ವಿಷಯ ಬೇಕಾಯಿತು, ಸಿಕ್ಕಿತು. ಅವನು ಚಿಕ್ಕವನಿದ್ದಾಗಿನ ಹಾಗೇ ಗೊರಕೆ ಹೊಡೆಯುತ್ತಾನೆ.

ಸೇತುವೆ ಬಂದಲ್ಲೆಲ್ಲ ನಿಲ್ಲಿಸಿ ನದಿ ನೋಡಿದೆವು. ಒಂದು ಕಡೆ ಸಣ್ಣದು, ಒಂದು ಕಡೆ ದೊಡ್ಡದು, ಒಂದು ಕಡೆ ಊರಿನ ನಡುವೆ ಗಲೀಜಾಗಿ ಹರಿಯುತ್ತಿತ್ತು. ಗುರುತೇ ಸಿಗಲಿಲ್ಲ. ನನ್ನ ಹತ್ತಿರ ಇರುವಾಗ ಅದು ಹಾಗೆಲ್ಲ ಇರಲಿಲ್ಲ.

ನಿನ್ನ ಪತ್ರ ಅಂಚೆ ಕಚೇರಿಯಲ್ಲಿ ಸಿಕ್ಕಿತು. ಷರಾ ಅಂಕಣಕ್ಕೆ ಇನ್ನು ಮುಂದೆ ನೀನೇ ಜವಾಬ್ದಾರಿ. ಏನು ಬರೆಯಬೇಕೆನಿಸಿದರೂ ನಿಜವಾಗಿದ್ದರೆ ಬರೆ.

ಇವತ್ತು ಬೆಳಿಗ್ಗೆ ಅಭ್ಯಾಸದಿಂದ ಆರಕ್ಕೇ ಎಚ್ಚರವಾಯಿತು. ಗಾಡಿಯಿಂದ ಇಳಿದು ಮರಳಿನಲ್ಲಿ ನಡೆದು ಹೋದೆ. ಒಂದು ಕಡೆ ನದಿ, ಒಂದು ಕಡೆ ಸಮುದ್ರ. ಎಲ್ಲಿ ಇದು ಮುಗಿದು ಅದು ಶುರುವಾಗುತ್ತದೆ ಎಂದು ಗೆರೆ ಹುಡುಕುತ್ತ ನಿಂತಿದ್ದೆ. ಗೆರೆ ಇಲ್ಲ. ಕಂಬ ಇಲ್ಲ, ಅಂಕಿ ಇಲ್ಲ. ಕೈ ತಾನಾಗಿ ಪೆನ್ನು ಹುಡುಕಿತು. ಪೆನ್ನು ಗಾಡಿಯಲ್ಲಿತ್ತು, ಹೋಗಿ ತರಲಿಲ್ಲ.

ನಿಮ್ಮಪ್ಪ ಕಣ್ಣುಜ್ಜುತ್ತ ಹಿಂದೆ ಬಂದು ನಿಂತ. ಅವನೂ ಅತ್ತ ಇತ್ತ ನೋಡಿದ. ಕೊನೆಗೆ,

"ಎಷ್ಟಿದೆ ಅಕ್ಕಾ?" ಅಂದ.

"ತುಂಬಾ ಇದೆ ಕಣೋ," ಅಂದೆ.

ನಿನ್ನ ಅತ್ತೆ